ಗ್ರಾಮಸಭೆಯಲ್ಲಿ ಮೈಕ್ ಯಾರ ಕೈಯಲ್ಲಿ?

"ಗ್ರಾಮಸಭೆಯಲ್ಲಿ ಊರಿನ ಎಲ್ಲ ಮತದಾರರಿಗೂ ಮಾತನಾಡುವ ಹಕ್ಕಿದೆ." ಇಂಥದೊಂದು ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ನಮ್ಮಲ್ಲಿ ಬಹಳ ಜನ ಅಂಕ ಪಡೆದಿದ್ದೇವೆ. ಆದರೆ ಒಂದು ಗ್ರಾಮಸಭೆಗೆ ಹೋಗಿ ಶಾಮಿಯಾನದ ಕೆಳಗೆ ಎರಡು ಗಂಟೆ ಕೂತು ನೋಡಿ. ಹಕ್ಕು ಎಲ್ಲರದು, ಮೈಕ್ ಮಾತ್ರ ನಾಲ್ಕೈದು ಜನರ ಕೈಯಲ್ಲೇ ಸುತ್ತುತ್ತಿರುತ್ತದೆ. ಅಧಿಕಾರಿಗಳು ಮಾತಾಡುತ್ತಾರೆ, ಮುಖಂಡರು ಮಾತಾಡುತ್ತಾರೆ, ಅವರಿಗೆ ಆಗದ ಇನ್ನಿಬ್ಬರು ಮುಖಂಡರು ಎದ್ದು ಜಗಳ ಮಾಡುತ್ತಾರೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಸಭೆ ಮುಗಿಯಿತು ಎನ್ನುತ್ತಾರೆ. ಹಿಂದೆ ಕೂತಿದ್ದ ಹೆಂಗಸರು ಸೆರಗು ಸರಿಪಡಿಸಿಕೊಂಡು ಎದ್ದು ಹೋಗುತ್ತಾರೆ.

ಇದಕ್ಕೆ ಕಾರಣ ಕೇಳಿದರೆ "ನಮ್ಮ ಜನಕ್ಕೆ ಶಿಸ್ತಿಲ್ಲ" ಎನ್ನುವವರಿದ್ದಾರೆ. "ಹೆಂಗಸರಿಗೆ ಧೈರ್ಯವಿಲ್ಲ" ಎನ್ನುವವರೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ಸಭೆಗಳಲ್ಲಿ ಮಾತಿಗೆ ನಿಯಮವಿಲ್ಲ ಎಂಬುದೇ ನಿಜವಾದ ಕಾರಣ. ನಿಯಮವಿಲ್ಲದ ಕಡೆ ಗಟ್ಟಿ ದನಿಯೇ ನಿಯಮವಾಗುತ್ತದೆ. ಯಾರು ಯಾವಾಗ ಮಾತಾಡಬೇಕು, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ, ಕೊನೆಗೆ ಏನನ್ನು ಬರೆದುಕೊಳ್ಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಎಲ್ಲರಿಗೂ ಓದಿ ಹೇಳಿದರೆ, ಸುಮ್ಮನೆ ಎದ್ದು ಹೋಗುವವರಲ್ಲಿ ಅರ್ಧ ಜನ ಬಾಯಿ ತೆರೆಯುತ್ತಾರೆ ಎಂಬುದು ನನ್ನ ನಂಬಿಕೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದ್ದೇ ಗ್ರಾಮಸಭೆ ಎಂದು 243ನೇ ವಿಧಿ ಹೇಳುತ್ತದೆ. ಇದು ಸಣ್ಣ ಮಾತಲ್ಲ. ವಿಧಾನಸಭೆಯಲ್ಲಿ ನಮ್ಮ ಪರವಾಗಿ ಶಾಸಕರು ಮಾತಾಡುತ್ತಾರೆ, ಲೋಕಸಭೆಯಲ್ಲಿ ಸಂಸದರು ಮಾತಾಡುತ್ತಾರೆ. ಗ್ರಾಮಸಭೆಯಲ್ಲಿ ಮಾತ್ರ ನಮ್ಮ ಅಮ್ಮ, ನಮ್ಮ ಅಜ್ಜಿ, ಪಕ್ಕದ ಮನೆಯ ಗಾರೆ ಕೆಲಸದ ಚಾಚಾ ತಾವೇ ಸದಸ್ಯರು. ಅಲ್ಲಿಗೆ ಅವರು ಅರ್ಜಿ ಹಿಡಿದು ಬೇಡಲು ಬಂದವರಲ್ಲ. ಸಭೆ ಅವರದೇ.

ನಮ್ಮ ರಾಜ್ಯದಲ್ಲಿ ಇದಕ್ಕೆ 1993ರ ಪಂಚಾಯತ್ ರಾಜ್ ಅಧಿನಿಯಮವಿದೆ. ಈಗ ಅದರ ಹೆಸರಿಗೆ 'ಗ್ರಾಮ ಸ್ವರಾಜ್' ಎಂಬ ಮಾತೂ ಸೇರಿದೆ. ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ಬಂದವರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು. ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಕೋರಂ ತಲೆ ಎಣಿಸುತ್ತದೆ, ಮಾತು ಎಣಿಸುವುದಿಲ್ಲ. ನೂರು ಜನ ಬಂದು ಐದೇ ಜನ ಮಾತಾಡಿದರೂ ಪುಸ್ತಕದಲ್ಲಿ ಕೋರಂ ಭರ್ತಿ. ಮೂವತ್ತು ಮಹಿಳೆಯರು ಬಂದು ಒಬ್ಬರೂ ಮಾತಾಡದಿದ್ದರೂ ಕೋರಂ ಭರ್ತಿ.

ಆ ಮೂವತ್ತರಲ್ಲಿ ಒಬ್ಬರು ನಮ್ಮ ಖಾಲಾ. ಅವರ ಗಲ್ಲಿಗೆ ಹದಿನೈದು ದಿನದಿಂದ ನಲ್ಲಿ ನೀರು ಬಂದಿರಲಿಲ್ಲ. ಹೇಳಲೇಬೇಕು ಎಂದು ಬೀಡಿ ಕಟ್ಟುವ ಕೆಲಸ ಬಿಟ್ಟು ಸಭೆಗೆ ಬಂದಿದ್ದರು. ಮೂರು ಸಲ ಎದ್ದು ನಿಂತರು. ಎರಡು ಸಲ ಬೇರೆಯವರು ಮಾತು ಕಸಿದುಕೊಂಡರು. ಮೂರನೇ ಸಲ "ಸಾಬ್, ನಮ್ ಗಲ್ಲೀಗೆ ನೀರು ಬರಾಂಗಿಲ್ಲ, ಪಂದ್ರಾ ದಿನ್ ಹೋಗಯೆ..." ಎಂದು ಶುರುಮಾಡಿದರು. "ಕನ್ನಡದಾಗ ಹೇಳ್ರಿ, ತಿಳಿವಲ್ದು" ಎಂದು ಯಾರೋ ಕೂಗಿದರು. ನಾಲ್ಕು ಜನ ನಕ್ಕರು. ಖಾಲಾ ಕೂತುಬಿಟ್ಟರು. ದಾರಿಯಲ್ಲಿ ನಾನು ಕೇಳಿದ್ದಕ್ಕೆ "ಜಾನೇ ದೇ ಬೇಟಾ, ಇನ್ನು ನಾನು ಹೋಗಲ್ಲ" ಎಂದರು ಅಷ್ಟೆ. ಆ ದಿನದ ನಡಾವಳಿಯಲ್ಲಿ ಆ ಗಲ್ಲಿಯ ನೀರಿನ ಮಾತೇ ಇಲ್ಲ. ಇರುವುದಾದರೂ ಹೇಗೆ? ಅದನ್ನು ಯಾರೂ ಪೂರ್ತಿ ಹೇಳಲೇ ಇಲ್ಲವಲ್ಲ.

ಇದು ಬರೀ ಉರ್ದು ಮಾತಾಡುವವರ ಕಥೆ ಎಂದು ದಯವಿಟ್ಟು ತಿಳಿಯಬೇಡಿ. ಅದೇ ಸಭೆಯಲ್ಲಿ ತಾಂಡಾದಿಂದ ಬಂದ ಲಂಬಾಣಿ ಹೆಂಗಸರೂ ಬಾಯಿ ಬಿಡಲಿಲ್ಲ. ಹುಟ್ಟಾ ಕನ್ನಡ ಮಾತಾಡುವ ಕೂಲಿಕಾರರೂ ಬಾಯಿ ಬಿಡಲಿಲ್ಲ. ತಾವು ಯಾರ ಹೊಲದಲ್ಲಿ ದುಡಿಯುತ್ತಾರೋ ಆ ಗೌಡರೇ ಮುಂದಿನ ಕುರ್ಚಿಯಲ್ಲಿ ಕೂತಿರುವಾಗ ಯಾರು ತಾನೆ ಮಾತಾಡುತ್ತಾರೆ? ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಹಳ್ಳಿಯನ್ನು ಸ್ವರ್ಗವೆಂದು ಹೊಗಳುವವರನ್ನು ಕಟುವಾಗಿ ಟೀಕಿಸಿದ್ದರು. ಹಳ್ಳಿಯೊಳಗಿನ ಸಂಕುಚಿತ ಮನಸ್ಸು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಳ್ಳಿಗೆ ಅಧಿಕಾರ ಕೊಡುವುದಷ್ಟೇ ಸಾಲದು, ಅಲ್ಲಿ ಬಲವಿಲ್ಲದವರಿಗೂ ಮಾತಿನ ಪಾಳಿ ಸಿಗುವಂತೆ ಮಾಡಬೇಕು ಎಂದು ನಾನು ಆ ಎಚ್ಚರಿಕೆಯನ್ನು ಅರ್ಥಮಾಡಿಕೊಂಡಿದ್ದೇನೆ.

ಸಭೆಗೆ ನಿಯಮ ಬೇಕು ಎಂಬುದು ಹೊಸ ಯೋಚನೆಯೇನಲ್ಲ. ಅಮೆರಿಕದ ಸೈನ್ಯದಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಎಂಜಿನಿಯರ್ ಇದ್ದರು. 1863ರಲ್ಲಿ ಒಂದು ಚರ್ಚಿನ ಸಭೆಗೆ ಅವರನ್ನು ಅಧ್ಯಕ್ಷತೆ ವಹಿಸಲು ಕರೆದರು. ಸಭೆ ನಡೆಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ, ಸಭೆ ಕೈಮೀರಿ ಹೋಯಿತು. ಆ ಅವಮಾನದಿಂದ ಓದಲು ಶುರುಮಾಡಿದ ಅವರು 1876ರಲ್ಲಿ ಸಭೆಯ ನಿಯಮಗಳ ಒಂದು ಪುಸ್ತಕವನ್ನೇ ಪ್ರಕಟಿಸಿದರು. 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಎಂಬ ಆ ಪುಸ್ತಕವನ್ನು ಅಲ್ಲಿನ ಸಂಘ ಸಂಸ್ಥೆಗಳು ಇವತ್ತಿಗೂ ಬಳಸುತ್ತವೆ. ಅದರ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು. ಒಂದು ವಿಷಯದ ಮೇಲೆ ಇನ್ನೂ ಮಾತಾಡದವರು ಮಾತಾಡಲು ಬಯಸುತ್ತಿದ್ದರೆ, ಆಗಲೇ ಮಾತಾಡಿದವರಿಗೆ ಎರಡನೇ ಸಲ ಅವಕಾಶವಿಲ್ಲ. ಇಷ್ಟು ಒಂದೇ ನಿಯಮವಿದ್ದಿದ್ದರೂ ಖಾಲಾ ಅವರ ಮಾತು ಪೂರ್ತಿಯಾಗುತ್ತಿತ್ತು.

ನಮ್ಮ ಮನೆಗಳಲ್ಲೂ ಈ ತಿಳಿವಳಿಕೆ ಇಲ್ಲದಿಲ್ಲ. ಕುರ್‌ಆನಿನ 42ನೇ ಸೂರಾದ ಹೆಸರೇ 'ಅಶ್‌ಶೂರಾ', ಅಂದರೆ ಸಮಾಲೋಚನೆ. ಖಲೀಫಾ ಉಮರ್ ಅವರು ಮಹ್ರ್‌ಗೆ ಮಿತಿ ಹಾಕಲು ಹೊರಟಾಗ ಜನರ ನಡುವಿನಿಂದ ಒಬ್ಬ ಹೆಣ್ಣುಮಗಳು ಎದ್ದು ತಡೆದಳು, ಖಲೀಫಾ ಅವಳ ಮಾತನ್ನು ಒಪ್ಪಿಕೊಂಡರು ಎಂಬ ಕಥೆಯನ್ನು ಬಯಾನ್‌ಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಇತ್ತ ಹನ್ನೆರಡನೇ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ಕನ್ನಡ ಪಾಠದಲ್ಲಿ ಓದಿದ್ದೇವೆ. ಅಲ್ಲಿ ಅಲ್ಲಮಪ್ರಭುಗಳ ಮುಂದೆ ಕಾಯಕದ ಜನ, ಹೆಂಗಸರು ತಮ್ಮ ಮಾತು ಹೇಳುತ್ತಿದ್ದರು. ಎರಡೂ ಕಥೆಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಪಂಚಾಯಿತಿ ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ನಿಂತಾಗ ನಗುವುದಾದರೂ ಯಾಕೆ?

ಹಾಗಾದರೆ ಯಾವ ನಿಯಮಗಳು ಬೇಕು? ನನಗೆ ತೋಚಿದ ಆರನ್ನು ಇಲ್ಲಿ ಇಡುತ್ತೇನೆ.

ಒಂದು, ಸಭೆಯ ವಿಷಯಗಳನ್ನು ವಾರ ಮೊದಲೇ ಸರಳ ಕನ್ನಡದಲ್ಲಿ ಬರೆದು ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಗುಡಿ, ಮಸೀದಿ, ತಾಂಡಾಗಳಲ್ಲಿ ಅಂಟಿಸಬೇಕು. 'ಅನುಪಾಲನಾ ವರದಿ ಮಂಡನೆ' ಎಂದು ಬರೆದರೆ ಪಿಯುಸಿ ಓದಿದ ನಮಗೇ ತಿಳಿಯುವುದಿಲ್ಲ. 'ಹಿಂದಿನ ಸಭೆಯಲ್ಲಿ ಹೇಳಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ' ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಎರಡು, ಪಾಳಿ ಮತ್ತು ಸಮಯ. ಮಾತಾಡಬೇಕೆನ್ನುವವರು ಬರುವಾಗಲೇ ಹೆಸರು ಹೇಳಿ ಚೀಟಿ ಪಡೆಯಲಿ. ಒಬ್ಬ ಗಂಡಸು ಮಾತಾಡಿದ ಮೇಲೆ ಒಬ್ಬ ಹೆಂಗಸು. ಒಬ್ಬರಿಗೆ ಎರಡು ನಿಮಿಷ. ಎಲ್ಲರ ಮೊದಲ ಪಾಳಿ ಮುಗಿಯುವವರೆಗೆ ಯಾರಿಗೂ ಎರಡನೇ ಪಾಳಿ ಬೇಡ. ಇಲಾಖೆಯ ಅಧಿಕಾರಿಗಳಿಗೂ ಮಿತಿ ಇರಲಿ, ತಲಾ ಐದು ನಿಮಿಷ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಎಂಟು ಇಲಾಖೆಯವರು ತಲಾ 15 ನಿಮಿಷ ತಮ್ಮ ಯೋಜನೆಗಳನ್ನು ವಿವರಿಸಿದರೆ 120 ನಿಮಿಷ. ಐದೈದು ನಿಮಿಷಕ್ಕೆ ಇಳಿಸಿದರೆ 40 ನಿಮಿಷ. ಉಳಿಯುವುದು 80 ನಿಮಿಷ. ಎರಡು ನಿಮಿಷದಂತೆ ಹಂಚಿದರೆ 40 ಜನ ಮಾತಾಡಬಹುದು. ಯೋಜನೆಗಳ ವಿವರವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟರೂ ನಡೆಯುತ್ತದೆ. ಖಾಲಾ ಅವರ ನಲ್ಲಿಯ ಕಥೆಯನ್ನು ಮಾತ್ರ ಖಾಲಾ ಅವರೇ ಹೇಳಬೇಕು.

ಮೂರು, ಮಾತು ಅಧ್ಯಕ್ಷರನ್ನು ಉದ್ದೇಶಿಸಿ ಇರಲಿ, ವಿಷಯದ ಬಗ್ಗೆ ಇರಲಿ. ಎದುರಿನವರ ಜಾತಿ, ಧರ್ಮ, ಮನೆತನ, ಹಳೆಯ ಜಗಳ ಎಳೆದು ತಂದರೆ ಅಲ್ಲಿಗೇ ಅವರ ಪಾಳಿ ಮುಗಿಯಬೇಕು. ಆದರೆ ಅವರು ಎತ್ತಿದ ವಿಷಯ ಅಲ್ಲಿಗೆ ಮುಗಿಯಬಾರದು. ಬಾಯಿ ಕೆಟ್ಟದ್ದೆಂದು ಚರಂಡಿ ಸ್ವಚ್ಛವಾಗುವುದಿಲ್ಲವಲ್ಲ! ಆ ವಿಷಯವನ್ನು ಇನ್ನೊಬ್ಬರು ಮುಂದುವರಿಸಲಿ.

ನಾಲ್ಕು, ಭಾಷೆ. ಇದರ ಬಗ್ಗೆ ಹೇಳಲು ನನಗೆ ಸ್ವಲ್ಪ ಹಿಂಜರಿಕೆಯಿದೆ, ಆದರೂ ಹೇಳುತ್ತೇನೆ. ಪಂಚಾಯಿತಿಯ ಕಾಗದಪತ್ರ, ನಡಾವಳಿ ಕನ್ನಡದಲ್ಲೇ ಇರಬೇಕು. ಕನ್ನಡ ಈ ರಾಜ್ಯದ ಆಡಳಿತ ಭಾಷೆ, ನಾನು ಈ ಲೇಖನ ಬರೆಯುತ್ತಿರುವ ಭಾಷೆ. ನಮ್ಮ ತಾಯಂದಿರೂ ಅದನ್ನು ಚೆನ್ನಾಗಿ ಕಲಿಯಬೇಕು. ಆದರೆ ಕಲಿಯುವವರೆಗೆ ಅವರ ನಲ್ಲಿ ಒಣಗಿರಬೇಕೆ? ಸಂವಿಧಾನದ 210ನೇ ವಿಧಿಯನ್ನು ನೋಡಿ. ರಾಜ್ಯದ ಭಾಷೆಯಲ್ಲಾಗಲಿ ಹಿಂದಿ, ಇಂಗ್ಲಿಷಿನಲ್ಲಾಗಲಿ ತನ್ನ ಮಾತನ್ನು ಸರಿಯಾಗಿ ಹೇಳಲಾಗದ ಶಾಸಕರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಸಂಸದರಿಗೆ ಇಂಥದೇ ಅವಕಾಶ 120ನೇ ವಿಧಿಯಲ್ಲಿದೆ. ಓದು, ಸಂಬಳ, ಸಹಾಯಕರು ಎಲ್ಲ ಇರುವ ಶಾಸಕರಿಗೆ ಈ ಅನುಕೂಲ ಇರುವಾಗ, ಬೀಡಿ ಕಟ್ಟುವ ಹೆಂಗಸಿಗೆ ಗ್ರಾಮಸಭೆಯಲ್ಲಿ ಯಾಕೆ ಇರಬಾರದು? ಉರ್ದು, ಲಂಬಾಣಿ, ತೆಲುಗು, ತುಳು, ಯಾವುದೇ ಇರಲಿ, ಹೇಳುವವರು ತಮ್ಮ ಮಾತಿನಲ್ಲಿ ಹೇಳಲಿ. ಪಕ್ಕದಲ್ಲಿ ನಿಂತ ಒಬ್ಬರು ಅದನ್ನು ಕನ್ನಡದಲ್ಲಿ ಸಭೆಗೆ ತಿಳಿಸಲಿ. ಬರೆಯುವುದು ಕನ್ನಡದಲ್ಲೇ ಆಗಲಿ. ಈ ಕೆಲಸಕ್ಕೆ ಸರ್ಕಾರ ಹೊಸ ಹುದ್ದೆ ಕೊಡಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲಿ ಎರಡು ಭಾಷೆ ಬಲ್ಲವರು ಎಷ್ಟು ಜನರಿದ್ದೇವೆ!

ಇನ್ನೊಂದು ಮಾತು. ಪಂಚಾಯಿತಿಯಲ್ಲಿ ದಿನವೂ ಕೇಳುವ ಅರ್ಜಿ, ತಕರಾರು, ಹಾಜರಿ, ದಾಖಲೆ, ಮಂಜೂರು, ಜಮಾಬಂದಿ, ತಾಲ್ಲೂಕು, ಜಿಲ್ಲೆ, ಇವೆಲ್ಲ ಅರಬ್ಬಿ, ಪಾರ್ಸಿಯಿಂದ ಬಂದು ಕನ್ನಡದ ಮನೆಯವರೇ ಆಗಿರುವ ಶಬ್ದಗಳು. ಖಾಲಾ ಅವರಿಗೆ ಪಂಚಾಯಿತಿಯ ಕನ್ನಡ ಅರ್ಧ ಆಗಲೇ ಗೊತ್ತಿದೆ. ಯಾರೂ ನಗದಿದ್ದರೆ ಉಳಿದರ್ಧ ತಾನಾಗಿ ಬರುತ್ತದೆ.

ಐದು, ಉತ್ತರ ಕೊಡಬೇಕಾದವರೇ ಉತ್ತರ ಕೊಡಲಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಅಧ್ಯಕ್ಷೆಯನ್ನು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ಕೂತ ಅವರ ಗಂಡ ಎದ್ದು ಉತ್ತರ ಹೇಳುವುದನ್ನು ನಾವು ನೋಡುತ್ತಲೇ ಇದ್ದೇವೆ. ಚುನಾಯಿತರಲ್ಲದವರು ವೇದಿಕೆಯ ಮೇಲೆ ಕೂರಬಾರದು, ಚುನಾಯಿತರ ಪರವಾಗಿ ಮಾತಾಡಬಾರದು. ಅಧ್ಯಕ್ಷೆಗೆ ಉತ್ತರ ಗೊತ್ತಿಲ್ಲದಿದ್ದರೆ ಪಿಡಿಒ ಅವರನ್ನು ಕೇಳಿ ತಿಳಿದು ಹೇಳಲಿ. ಅದರಲ್ಲಿ ಅವಮಾನವೇನೂ ಇಲ್ಲ.

ಆರು, ಎಲ್ಲಕ್ಕಿಂತ ಮುಖ್ಯವಾದದ್ದು ನಡಾವಳಿ. ಅಕೌಂಟೆನ್ಸಿ ತರಗತಿಯ ಮೊದಲ ವಾರದಲ್ಲೇ ನಮಗೆ ಒಂದು ಮಾತು ಹೇಳಿಕೊಡುತ್ತಾರೆ, ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಎಂಟ್ರಿ ಆಗದ ವ್ಯವಹಾರ ಪುಸ್ತಕದ ಮಟ್ಟಿಗೆ ನಡೆದೇ ಇಲ್ಲ. ಸಭೆಯ ಮಾತಿಗೂ ಇದೇ ಅನ್ವಯ. ಸಭೆಯಲ್ಲಿ ಎಷ್ಟೇ ಗಟ್ಟಿಯಾಗಿ ಹೇಳಿದರೂ ನಡಾವಳಿಯಲ್ಲಿ ಬರದಿದ್ದರೆ ಮುಂದಿನ ಸಭೆಯಲ್ಲಿ ಅದನ್ನು ಕೇಳಲು ಆಧಾರವಿರುವುದಿಲ್ಲ. ಈಗ ಜನ ಒಳಗೆ ಬರುವಾಗಲೇ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. ಹಾಜರಿಗೆ ಅದು ಸರಿ. ಆದರೆ ತೀರ್ಮಾನಗಳನ್ನು ಸಭೆ ಮುಗಿಯುವ ಮೊದಲು ಮೈಕಿನಲ್ಲಿ ಒಂದೊಂದಾಗಿ ಓದಬೇಕು. "ಹೀಗೆ ಬರೆದಿದ್ದೇವೆ, ಸರಿಯೇ?" ಎಂದು ಕೇಳಬೇಕು. ಖಾಲಿ ಚೆಕ್ಕಿಗೆ ಯಾರೂ ಸಹಿ ಹಾಕುವುದಿಲ್ಲ. ಖಾಲಿ ನಡಾವಳಿಗೆ ಮಾತ್ರ ಯಾಕೆ?

ಕಂಪನಿಗಳನ್ನೇ ನೋಡಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುದಾರರ ಸಾಮಾನ್ಯ ಸಭೆಗೆ ಸಾಮಾನ್ಯವಾಗಿ 21 ದಿನ ಮೊದಲು ನೋಟಿಸು ಕೊಡಬೇಕು, ಕೋರಂ ಇರಬೇಕು, ನಡಾವಳಿ ಬರೆದಿಡಬೇಕು. ನೂರು ರೂಪಾಯಿಯ ಷೇರಿಗೆ ಇಷ್ಟು ಜೋಪಾನ. ಇಡೀ ಊರಿನ ನೀರು, ದಾರಿ, ಮನೆ ಹಂಚಿಕೆಯ ಸಭೆಗೆ ಅದಕ್ಕಿಂತ ಕಡಿಮೆ ಜೋಪಾನ ಇರಬಾರದು.

ನನ್ನ ಗೆಳೆಯರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. "ಹಳ್ಳಿಯ ಜನ ಮನಸ್ಸು ಬಿಚ್ಚಿ ಮಾತಾಡಲು ಬರುತ್ತಾರೆ, ಗಡಿಯಾರ ಹಿಡಿದರೆ ಹೆದರಿ ಓಡುತ್ತಾರೆ" ಎಂದು ಒಬ್ಬ ಹೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಎರಡು ನಿಮಿಷ ಆಯಿತೆಂದು ಅಳುತ್ತಿರುವ ಮುದುಕಿಯ ಕೈಯಿಂದ ಮೈಕ್ ಕಿತ್ತುಕೊಳ್ಳುವುದು ನಿಯಮವಲ್ಲ, ಕ್ರೌರ್ಯ. ಇನ್ನೂ ಅರ್ಧ ನಿಮಿಷ ಕೊಡುವಷ್ಟು ವಿವೇಕ ಅಧ್ಯಕ್ಷರಿಗೆ ಇರಬೇಕು. ಆದರೆ ಈಗ ಗಡಿಯಾರವಿಲ್ಲದ ಸಭೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಿರುವವರು ಯಾರು ಎಂದು ನಾನು ಅವನನ್ನು ಕೇಳಿದೆ. ಅವನೂ ಅದೇ ನಾಲ್ಕೈದು ಹೆಸರು ಹೇಳಿದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಯಮ ಬಂದರೆ ಅದನ್ನು ಬಲ್ಲವರು ಬಾರದವರ ಮೇಲೆ ಪ್ರಯೋಗಿಸುತ್ತಾರೆ. "ಇದು ಅಜೆಂಡಾದಲ್ಲಿ ಇಲ್ಲ, ಕೂತ್ಕೊಳ್ರಿ" ಎನ್ನುವುದು ಸುಲಭ. ಇದು ನಿಜವಾದ ಅಪಾಯ. ಅದಕ್ಕೆ ನನಗೆ ತೋಚುವ ಪರಿಹಾರ ಎರಡು. ಕೊನೆಯ ಅರ್ಧ ಗಂಟೆ ಅಜೆಂಡಾ ಇಲ್ಲದೆ ಯಾವ ವಿಷಯಕ್ಕಾದರೂ ತೆರೆದಿರಲಿ. ಮತ್ತು ನಿಯಮಗಳು ಅಧಿಕಾರಿಯ ಫೈಲಿನಲ್ಲಿ ಇರದೆ ಗೋಡೆಯ ಮೇಲೆ ಇರಲಿ, ಪ್ರತಿ ಸಭೆಯ ಆರಂಭದಲ್ಲಿ ಐದು ನಿಮಿಷ ಓದಲಿ. ಸುತ್ತೋಲೆಯಲ್ಲಿ ಏನೇ ಬರೆದಿರಲಿ, ಸಭೆಯಲ್ಲಿ ಕೂತವರಿಗೆ ಗೊತ್ತಿಲ್ಲದ ನಿಯಮ ಇದ್ದೂ ಇಲ್ಲದಂತೆ. ಎಲ್ಲರಿಗೂ ಗೊತ್ತಿರುವ ನಿಯಮವನ್ನು ಒಬ್ಬರೇ ಆಯುಧ ಮಾಡಿಕೊಳ್ಳುವುದು ಕಷ್ಟ.

ಇದನ್ನೆಲ್ಲ ಓದಿ "ನಮಗೂ ಇದಕ್ಕೂ ಏನು ಸಂಬಂಧ, ನಮಗಿನ್ನೂ ಓಟೇ ಇಲ್ಲ" ಎನ್ನಬಹುದು. ಸಂಬಂಧವಿದೆ. ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ವ್ಯವಸ್ಥೆ ಇದೆ. ಹದಿನೆಂಟು ತುಂಬದವರು ಅಲ್ಲಿ ಪಂಚಾಯಿತಿಯವರ ಮುಂದೆ ಶಾಲೆಯ ಶೌಚಾಲಯ, ಬಸ್ಸು, ಬೀದಿ ದೀಪದ ಬಗ್ಗೆ ನೇರವಾಗಿ ಕೇಳಬಹುದು. ನಾನು ಹೈಸ್ಕೂಲಿನಲ್ಲಿದ್ದಾಗ ಕರೆದಿದ್ದರು. ಪಿಯುಸಿಗೆ ಬಂದ ಮೇಲೆ ಯಾರೂ ಕರೆದಿಲ್ಲ. ಹದಿನಾರು, ಹದಿನೇಳು ವಯಸ್ಸಿನ ನಾವು ಇನ್ನೂ ಮತದಾರರಲ್ಲ, ಸಣ್ಣ ಮಕ್ಕಳೂ ಅಲ್ಲ. ಹಾಗಾಗಿ ನಡುವೆ ಬಿಟ್ಟುಹೋಗುತ್ತೇವೆ. ಈ ಸಲ ನಾವೇ ನಮ್ಮ ನಮ್ಮ ಪಂಚಾಯಿತಿಗೆ ಹೋಗಿ ದಿನಾಂಕ ಕೇಳೋಣ. ಸಂಜೆ ಆರರ ನಂತರ ನಮ್ಮ ಕಡೆಯ ಹಳ್ಳಿಗಳಿಗೆ ಬಸ್ಸಿಲ್ಲದೆ ಸ್ಪೆಷಲ್ ಕ್ಲಾಸ್ ಬಿಡುವ ಹುಡುಗಿಯರು ನಮ್ಮ ತರಗತಿಯಲ್ಲೇ ಇದ್ದಾರೆ. ಆ ಮಾತನ್ನು ಹೇಳಬೇಕಾದ ಜಾಗ ಅದು.

ಪಟ್ಟಣದಲ್ಲಿರುವ ಗೆಳೆಯರಿಗೂ ಒಂದು ಮಾತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ನಿಮ್ಮ ಊರಿನಲ್ಲಿ ಅಂಥ ಸಮಿತಿ ಸಭೆ ಸೇರುತ್ತದೆಯೇ ಎಂದು ಮನೆಯಲ್ಲಿ ಕೇಳಿ ನೋಡಿ.

ಕೊನೆಯದಾಗಿ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಒಂದು ಕೋರಿಕೆ. ನಮ್ಮ ವಿದ್ಯಾರ್ಥಿ ಸಂಘದ ಸಭೆಯಲ್ಲೂ ಗ್ರಾಮಸಭೆಯ ಕಥೆಯೇ ನಡೆಯುತ್ತದೆ. ಮುಂದಿನ ಬೆಂಚಿನ ಮೂವರು ಮಾತಾಡುತ್ತಾರೆ, ಉಳಿದವರು ಗಂಟೆ ಬಾರಿಸುವುದನ್ನೇ ಕಾಯುತ್ತಾರೆ. ಮೇಲಿನ ಆರು ನಿಯಮಗಳಲ್ಲಿ ಕನಿಷ್ಠ ಮೂರನ್ನು ಮುಂದಿನ ಸಭೆಯಲ್ಲಿ ಪ್ರಯತ್ನಿಸೋಣ. ಚೀಟಿಯ ಪಾಳಿ, ಎರಡು ನಿಮಿಷ, ಕೊನೆಯಲ್ಲಿ ನಡಾವಳಿ ಓದುವುದು. ಅಧ್ಯಕ್ಷತೆಯನ್ನು ಪ್ರತಿ ಸಲ ಬೇರೆ ಬೇರೆ ವಿದ್ಯಾರ್ಥಿಗೆ ಕೊಡಿ. ಸಭೆ ನಡೆಸುವುದನ್ನು ಸಭೆ ನಡೆಸಿಯೇ ಕಲಿಯಬೇಕು.

ಮುಂದಿನ ವರ್ಷ ನಮ್ಮಲ್ಲಿ ಬಹಳ ಜನರಿಗೆ ಹದಿನೆಂಟು ತುಂಬುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿದ ದಿನದಿಂದ ಹಳ್ಳಿಯಲ್ಲಿರುವ ನಾವು ಗ್ರಾಮಸಭೆಯ ಸದಸ್ಯರು. ಅಷ್ಟರೊಳಗೆ ಎರಡು ನಿಮಿಷದಲ್ಲಿ ನಮ್ಮ ಮಾತು ಹೇಳಿ ಮುಗಿಸುವುದನ್ನು ಕಲಿತಿರೋಣ. ಇನ್ನೊಬ್ಬರು ತಮ್ಮ ಎರಡು ನಿಮಿಷ ಮುಗಿಸುವವರೆಗೆ ನಗದೆ ಕೂರುವುದನ್ನೂ ಕಲಿತಿರೋಣ.